ಮ್ಯಾನೇಜರ್ ಅಂಕಲ್ ವಿನಯ ಕಲಿತದ್ದು

ಚರ್ಚಿನಲ್ಲಿ ಮೈಕ್ ನೋಡಿಕೊಳ್ಳುವ ನನ್ನಂಥವನಿಗೆ ನಗುವ ಹಕ್ಕಿಲ್ಲ; ನಕ್ಕರೆ ಸ್ಪೀಕರ್‌ನಲ್ಲಿ ಕೇಳಿಸುತ್ತದೆ. ಅಟ್ಟೂರಿನ ನಮ್ಮ ಚರ್ಚಿನಲ್ಲಿ ನಗು ತಡೆಯಬೇಕಾದ ಪ್ರಸಂಗಗಳಿಗೆ ಬರವಿಲ್ಲ. ಹೆಚ್ಚಿನವು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಅಂಕಲ್ ಅವರವು. ‘ಇಪ್ಪತ್ನಾಲ್ಕು ಗಂಟೆನೂ ನಿಮ್ಗೆ ನಿಮ್ದೇ ಚಿಂತೆ’ ಎಂದು ಮನೆಯಲ್ಲಿ ಆಂಟಿ ಬೈದದ್ದು ಅವರ ಮನಸ್ಸಿಗೆ ನಾಟಿತ್ತು. ಈಸ್ಟರ್ ಬರುವಷ್ಟರಲ್ಲಿ ವಿನಯ ಕಲಿತೇ ತೀರುತ್ತೇನೆಂದು ಹಠ ಹಿಡಿದರು.

ಸಾಕ್ಷಿ

ಶುಕ್ರವಾರದ ಪ್ರಾರ್ಥನಾಕೂಟದಲ್ಲಿ ಅಂಕಲ್ ತಮ್ಮ ಬದಲಾವಣೆಯ ಬಗ್ಗೆ ಸಾಕ್ಷಿ ಹೇಳಲು ನಿಂತರು. ಕೆಲಸಕ್ಕೆ ಸೇರಿದ ದಿನದಿಂದ ಶುರುವಾದ ಕಥೆ ಹೆಬ್ಬಾಳದ ಬ್ರಾಂಚಿಗೆ ಬರುವಾಗ ಮಕ್ಕಳೆಲ್ಲ ಮಲಗಿದ್ದರು. ಫಾದರ್ ಸನ್ನೆ ಮಾಡಿದರು. ನಾನು ಹೋಗಿ ‘ಸಾಕು ಅಂಕಲ್’ ಎಂದೆ.

‘ತಾಳೋ, ನನ್ನ ವಿನಯದ್ ವಿಷ್ಯ ಇನ್ನೂ ಶುರುನೇ ಮಾಡಿಲ್ಲ.’

ಕೊನೇ ಬೆಂಚು

ಕೊನೆಯ ಸ್ಥಾನದಲ್ಲಿ ಕೂರಲು ಕಲಿಯಿರಿ ಎಂದು ಫಾದರ್ ಉಪದೇಶ ಮಾಡಿದರು. ಮುಂದಿನ ಭಾನುವಾರ ಅಂಕಲ್ ಎಲ್ಲರಿಗಿಂತ ಮುಂಚೆ ಬಂದು, ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಕೊನೇ ಬೆಂಚಿಗೆ ಕರ್ಚೀಫ್ ಹಾಕಿದರು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಅದನ್ನು ಪಕ್ಕಕ್ಕೆ ಸರಿಸಿ ಕೂತಳು. ಮಗು ಅತ್ತರೆ ಹೊರಗೆ ಹೋಗಲು ಅಲ್ಲಿಂದಲೇ ಸುಲಭ.

‘ಮುಂದೆ ಎಲ್ಲಾ ಖಾಲಿ ಇದೆ, ಅಲ್ಲಿ ಕೂತ್ಕೊಳ್ಳಿ ಅಂಕಲ್’ ಎಂದಳು.

‘ಆಗಲ್ಲ. ಏಳಮ್ಮಾ, ನಾನು ನನ್ನನ್ನ ತಗ್ಗಿಸ್ಕೋಬೇಕು.’

ಪಾದ

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ನಮ್ಮಲ್ಲಿ ಬಲಗಾಲು ಮಾತ್ರ ತೊಳೆಯುವುದು ರೂಢಿ. ಆ ಹನ್ನೆರಡು ಜನರಲ್ಲಿ ಒಬ್ಬರಾದ ಅಂಕಲ್, ನ್ಯೂ ಟೌನ್‌ನ ಪಾರ್ಲರಿಗೆ ಹೋಗಿ ಬಲಗಾಲನ್ನು ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಬಂದರು. ನಮ್ಮ ಫಾದರ್‌ಗೆ ಮಂಡಿನೋವು. ಬದಲಿಗೆ ಬಂದಿದ್ದ ಹಿರಿಯ ಫಾದರ್ ಎಲ್ಲರ ಎರಡೂ ಕಾಲು ತೊಳೆಯತೊಡಗಿದರು. ಸಾಲಿನ ಕೊನೆಯಲ್ಲಿದ್ದ ಅಂಕಲ್ ಬೆವರಿದರು.

ಬಲಗಾಲು ಮುಗಿಯಿತು. ಎಡಗಾಲು ಶೂ ಬಿಟ್ಟು ಹೊರಗೆ ಬರಲಿಲ್ಲ.

‘ಇನ್ನೊಂದು ಕೊಡಿ’ ಎಂದರು ಫಾದರ್.

‘ಬೇಡ ಫಾದರ್. ಅದು ರೆಡಿ ಇಲ್ಲ.’

ಫಾದರ್ ಕೊರಳಿನ ಮೈಕ್ ಆನ್ ಇತ್ತು. ಇಡೀ ಚರ್ಚಿಗೆ ಕೇಳಿಸಿತು. ಅಂಕಲ್ ಮುಖ ನೋಡಿ ನನಗೆ ನಿಜಕ್ಕೂ ಪಾಪ ಅನಿಸಿತು.

‘ರೆಡಿ ಇದ್ದಿದ್ರೆ ನಾನ್ಯಾಕೆ ತೊಳೀಬೇಕಿತ್ತು?’ ಎಂದರು ಫಾದರ್, ಮೆಲ್ಲಗೆ. ಅದೂ ಕೇಳಿಸಿತು.

ಅಂಕಲ್ ಶೂ ಬಿಚ್ಚಿದರು. ಒಡೆದ ಹಿಮ್ಮಡಿ, ಕಪ್ಪಾದ ಉಗುರು. ಫಾದರ್ ತೊಳೆದು, ಒರೆಸಿ, ಮುತ್ತಿಟ್ಟರು. ಅಂಕಲ್ ಮೊದಲು ಅತ್ತರು, ಆಮೇಲೆ ತಾವೇ ನಗತೊಡಗಿದರು. ಆಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ಪೀಕರ್‌ನಲ್ಲೇ.

ಈಸ್ಟರ್ ದಿನ ಅಂಕಲ್ ಚಪ್ಪಲಿ ಹಾಕಿಕೊಂಡು ಬಂದು, ಖಾಲಿ ಕಂಡ ಬೆಂಚಿನಲ್ಲಿ ಕೂತರು. ಆ ಹೆಂಗಸಿನ ಮಗು ಅವರ ತೊಡೆಯ ಮೇಲಿತ್ತು.

‘ಸಾಕ್ಷಿ ಹೇಳ್ತೀರಾ ಅಂಕಲ್? ಮೈಕ್ ಕೊಡ್ಲಾ?’ ಎಂದೆ.

‘ಬೇಡ ಕಣೋ. ಹೇಳೋದನ್ನೆಲ್ಲಾ ಎಡಗಾಲೇ ಹೇಳ್ಬಿಡ್ತು.’