ಯಾವ ವಾರ್ಡಿಗೂ ಬೆನ್ನು ತೋರದ ಟಗರು

ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸುವ ಯಾವುದೇ ಕಲಾಕೃತಿಯು ಯಾವುದೇ ವಾರ್ಡಿಗೆ ಬೆನ್ನು ತೋರಿಸತಕ್ಕದ್ದಲ್ಲ ಎಂಬುದು ನಮ್ಮ ನಗರ ಪರಿಷತ್ತಿನ ಸಾರ್ವಜನಿಕ ಕಲಾ ಪರಿಶೀಲನಾ ಸಮಿತಿಯ ನಿಯಮ. ಈ ನಿಯಮವನ್ನು ಯಾರೂ ಒಮ್ಮೆಯೂ ಮುರಿದಿರಲಿಲ್ಲ. ಊರಿನಲ್ಲಿ ಒಂದೂ ಕಲಾಕೃತಿ ಇಲ್ಲದಿದ್ದುದರಿಂದ ಇದು ಸಾಧ್ಯವಾಗಿತ್ತು ಮತ್ತು ಸಮಿತಿಯು ಪ್ರತಿವರ್ಷ ಇದನ್ನು ತನ್ನ ಸಾಧನೆಯೆಂದು ವರದಿಯಲ್ಲಿ ನಮೂದಿಸುತ್ತಿತ್ತು. ಉಮರ್ಗಾದಿಂದ ನಿಲಂಗಾ ಕಡೆಗೆ ಹೋಗುವ ದಾರಿಯಲ್ಲಿರುವ ಈ ಊರಿನ ಹೆಸರನ್ನು ಇಲ್ಲಿ ಬರೆಯಲು ಪರವಾನಗಿ ಕೇಳಲಾಗಿದೆ. ಅರ್ಜಿ ಪರಿಶೀಲನೆಯಲ್ಲಿದೆ.

ಹೀಗಿರುವಾಗ ನಗರ ಸೌಂದರ್ಯಕ್ಕೆಂದು ಮೇಲಿನಿಂದ ಅನುದಾನ ಬಂದಿತು. ಮಾರ್ಚ್ ಮುಗಿಯುವುದರೊಳಗೆ ಊರು ಸುಂದರವಾಗಬೇಕು, ಇಲ್ಲವಾದರೆ ಅನುದಾನ ವಾಪಸ್. ಸಮಿತಿಯು ಗಾಬರಿಗೊಂಡು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮನಿಷಾಳನ್ನು ಕರೆದು ಚೌಕದಲ್ಲಿ ಏನಾದರೊಂದನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ಮನಿಷಾ ಮಾಕಣಿಯ ಕುರಿಗಾರರ ಮನೆಯ ಮಗಳು. ಮೂರ್ತಿ ಮಾಡುವುದನ್ನು ಓದಿ ಕಲಿತಿದ್ದಳು. ಆದರೆ ಗಣೇಶ ಚೌತಿಯ ಹೊರತು ಯಾರೂ ಅವಳಿಗೆ ಏನನ್ನೂ ಮಾಡಲು ಹೇಳಿರಲಿಲ್ಲ. ಅವಳು ರಜೆ ಹಾಕಿ ಊರಿಗೆ ಹೋದಳು. ಅಪ್ಪ ಮಲ್ಲಣ್ಣನ ಹಿಂಡಿನಲ್ಲಿದ್ದ ಹಿರಿಯ ಟಗರನ್ನು ಎದುರಿಗೆ ನಿಲ್ಲಿಸಿಕೊಂಡು, ತಂತಿಯ ಜಾಳಿಗೆಗೆ ಸಿಮೆಂಟು ಮೆತ್ತಿ, ಅದರ ಎರಡರಷ್ಟು ದೊಡ್ಡ ಟಗರನ್ನು ಮಾಡಿದಳು. ಕೆಲಸ ನಡೆದಷ್ಟು ದಿನವೂ ಮಲ್ಲಣ್ಣ ಟಗರಿನ ಕೊರಳು ಹಿಡಿದು ನಿಂತ. ಕೊನೆಗೆ ಸಿಮೆಂಟಿನದರ ಬೆನ್ನು ಸವರಿ, "ಬೀರಪ್ಪನ ಆಣಿ, ಉಸರ ಒಂದೇ ಕಮ್ಮಿ ಅದ ನೋಡವ್ವಾ" ಅಂದ. ಮನಿಷಾಳಿಗೆ ಕಾಲೇಜಿನ ಸರ್ಟಿಫಿಕೇಟು ಕೈಗೆ ಬಂದ ದಿನವೂ ಇಷ್ಟು ಸಂತೋಷವಾಗಿರಲಿಲ್ಲ.

ಟಗರು ಟೆಂಪೋದಲ್ಲಿ ಕುಳಿತು ನಗರ ಪರಿಷತ್ತಿನ ಅಂಗಳಕ್ಕೆ ಬಂದಿತು. ಜೊತೆಗೆ ಮಲ್ಲಣ್ಣನೂ ಬಂದ. ಸಮಿತಿಯು ಪರಿಶೀಲನೆಗೆ ಇಳಿಯಿತು. ಅಧ್ಯಕ್ಷರು ಗುರುಲಿಂಗಪ್ಪನವರು, ಕಾಳಿನ ಅಡತಿ ಅಂಗಡಿಯವರು, ನಿತ್ಯ ಲಿಂಗಪೂಜೆ ಮುಗಿಸದೆ ಯಾವ ಕಾಗದಕ್ಕೂ ಸಹಿ ಹಾಕದವರು. ಸದಸ್ಯರು ಇಬ್ಬರು: ಬಟ್ಟೆ ಅಂಗಡಿಯ ರವಿಕಾಂತ ಮತ್ತು ನಗರಸೇವಕಿ ಪ್ರಯಾಗಬಾಯಿ. ಅಧ್ಯಕ್ಷರೂ ರವಿಕಾಂತನೂ ಸಹ ವಾರ್ಡುಗಳಿಂದ ಆರಿಸಿ ಬಂದ ನಗರಸೇವಕರೇ. ಕಾರ್ಯದರ್ಶಿ ಖಂಡೆಪ್ಪ ಕಚೇರಿಯ ಹಿರಿಯ ಗುಮಾಸ್ತ. ನಿಯಮಗಳೆಲ್ಲ ಅವನ ಬಾಯಲ್ಲಿದ್ದವು, ಬೇರೆಲ್ಲಿಯೂ ಇರಲಿಲ್ಲ.

ಖಂಡೆಪ್ಪ ಬಗ್ಗಿ ಟಗರಿನ ಹೊಟ್ಟೆಯ ಕೆಳಗೆ ನೋಡಿ ಎದ್ದ.

"ಅಧ್ಯಕ್ಷರೇ, ಇದು ಗಂಡು ಅದ."

"ಟಗರು ಗಂಡೇ ಇರ್ತದಲ್ಲೋ ಖಂಡೆಪ್ಪಾ."

"ಹೌದ್ರೀ. ಆದ್ರ ಚೌಕದ ಕಟ್ಟಿ ಬರೋದು ಮಹಿಳಾ ಮೀಸಲು ವಾರ್ಡಿನ್ಯಾಗ. ಅಲ್ಲಿ ಗಂಡು ನಿಲ್ಲಲಾಕ ಬರಂಗಿಲ್ರೀ."

ಮನಿಷಾ ಮುಂದೆ ಬಂದಳು. "ಸರ್, ಇದೇನು ಚುನಾವಣಿಗಿ ನಿಂತಿಲ್ಲಲ್ರೀ?"

"ಮ್ಯಾಡಮ್, ನಿಯಮದಾಗ ಚುನಾವಣೆಗೆ ಅಂತ ಎಲ್ಲದ? ಗಂಡು ನಿಲ್ಲತಕ್ಕದ್ದಲ್ಲ ಅಂತ ಅಷ್ಟೇ ಅದ. ಮುಂದಿಂದು ನಾವು ಸೇರಿಸಲಾಕ ಬರಂಗಿಲ್ಲ."

ಚರ್ಚೆಯಾಗಿ, ಆಕ್ಷೇಪಾರ್ಹ ಭಾಗವನ್ನು ತೆಗೆಯಬೇಕೆಂದು ಠರಾವಾಯಿತು. ಕೊಂಬುಗಳನ್ನೂ ತೆಗೆಸಬೇಕೇ ಎಂದು ರವಿಕಾಂತ ಕೇಳಿದಾಗ ಪ್ರಯಾಗಬಾಯಿ ಎದ್ದು ನಿಂತರು. "ಯಾಕ್ರೀ? ಹೆಂಗಸರಿಗಿ ಕೊಂಬು ಇರಬಾರದಂತ ಯಾ ಕಾಯದೆದಾಗ ಬರದಾರ?" ಕೊಂಬುಗಳು ಉಳಿದವು. ಮನಿಷಾ ಹಲ್ಲು ಕಚ್ಚಿಕೊಂಡು ಉಳಿ ಹಿಡಿದಳು. ಉಳಿಯ ಸದ್ದು ಕೇಳುತ್ತಿದ್ದಷ್ಟು ಹೊತ್ತು ಮಲ್ಲಣ್ಣ ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದ. ಅಂದಿನಿಂದ ಸಮಿತಿಯ ಕಾಗದಪತ್ರಗಳಲ್ಲಿ ಕಲಾಕೃತಿಯ ಹೆಸರು "ಶ್ರೀಮತಿ ಟಗರು" ಎಂದಾಯಿತು.

ಮುಖ್ಯ ಪ್ರಶ್ನೆ ಹುಟ್ಟಿದ್ದು ಚೌಕದಲ್ಲಿ. ಅಲ್ಲಿ ನಾಲ್ಕು ರಸ್ತೆಗಳು ಕೂಡುತ್ತವೆ, ನಾಲ್ಕು ವಾರ್ಡುಗಳೂ ಅಲ್ಲಿಯೇ ಕೂಡುತ್ತವೆ. ಕಟ್ಟೆಯ ಮೇಲೆ ಏರಿಸಿದ ಕೂಡಲೇ ಟಗರಿನ ಮುಖ ರವಿಕಾಂತನ ಅಂಗಡಿಗೂ ಬಾಲ ಪ್ರಯಾಗಬಾಯಿಯವರ ವಾರ್ಡಿಗೂ ಬಂದವು.

"ಅವರಿಗಿ ತೋಂಡ, ನಮಗ ಬಾಲ!" ಪ್ರಯಾಗಬಾಯಿ ಕಟ್ಟೆಯ ಮುಂದೆಯೇ ಕುಳಿತುಬಿಟ್ಟರು. "ಮುಂಜಾನಿ ಬಾಗಲ ತೆಗದ್ರ ನನ್ನ ಮತದಾರರು ಏನ್ ನೋಡಬೇಕು? ಹೇಳ್ರೀ ಅಧ್ಯಕ್ಷರೇ, ನೀವೇ ನಿಮ್ಮ ಬಾಯಿಲಿಂದ ಹೇಳ್ರೀ."

ಗುರುಲಿಂಗಪ್ಪನವರು ರವಿಕಾಂತನ ಕಡೆ ನೋಡಿದರು. ಬಾಲದ ಕಡೆಗೂ ಒಂದು ತಲೆ ಕೂಡಿಸಬಹುದೆಂದು ರವಿಕಾಂತ ಸೂಚಿಸಿದ.

"ಹಿಕ್ಕಿ ಎಲ್ಲಿಂದ ಹಾಕ್ತದ್ರೀ ಅದು?" ಎಂದು ಮಲ್ಲಣ್ಣ ನಿಜವಾದ ಕಾಳಜಿಯಿಂದ ಕೇಳಿದ.

ಈ ಪ್ರಶ್ನೆಯನ್ನು ಪಶುವೈದ್ಯರ ಅಭಿಪ್ರಾಯಕ್ಕೆ ಕಳುಹಿಸಲಾಯಿತು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದೂ, ಸ್ವಚ್ಛತಾ ವಿಭಾಗವನ್ನು ಕೇಳಬೇಕೆಂದೂ ಉತ್ತರ ಬಂದಿತು. ಮಾರ್ಚ್ ಮುಗಿಯುತ್ತ ಬಂದಿದ್ದರಿಂದ ಸಮಿತಿಯು ಮಧ್ಯದ ದಾರಿ ಹಿಡಿಯಿತು. ಯೆಣೆಗೂರಿನ ಒಂದು ಗ್ಯಾರೇಜಿನಿಂದ ಲಾರಿಯ ಹಳೆಯ ಬೇರಿಂಗು ತರಿಸಿ, ಟಗರನ್ನು ಅದರ ಮೇಲೆ ಕೂಡಿಸಿ, ವಾರಕ್ಕೊಂದು ವಾರ್ಡಿನಂತೆ ತಿರುಗಿಸುವುದೆಂದು ನಿರ್ಧಾರವಾಯಿತು. ಹೊರಬಿದ್ದ ಪ್ರಕಟಣೆ ಹೀಗಿತ್ತು:

"ಚೌಕದಲ್ಲಿರುವ ಶ್ರೀಮತಿ ಟಗರು ಇವರನ್ನು ತಿರುಗಿಸುವ ಹುದ್ದೆಗೆ ಅರ್ಜಿ ಕರೆಯಲಾಗಿದೆ. ಕುರಿ ತಿರುಗಿಸಿದ ಅನುಭವವುಳ್ಳವರಿಗೆ ಆದ್ಯತೆ ಕೊಡಲಾಗುವುದು. ಅಭ್ಯರ್ಥಿಯು ನಾಲ್ಕೂ ವಾರ್ಡುಗಳ ಬಗ್ಗೆ ಸಮಾನ ಪ್ರೀತಿ ಅಥವಾ ಸಮಾನ ತಿರಸ್ಕಾರ ಹೊಂದಿರಬೇಕು."

ಮಲ್ಲಣ್ಣ ಬೇರೆ ಊರಿನವನಾದ್ದರಿಂದ ಎರಡನೆಯ ಅರ್ಹತೆಯೂ ಅವನಿಗಿತ್ತು. ಹಿಂಡನ್ನು ತಮ್ಮ ರೇವಣಸಿದ್ಧನಿಗೆ ಒಪ್ಪಿಸಿ ಕೆಲಸಕ್ಕೆ ಬಂದ. ಹೆಂಡತಿ ಗುಂಡಮ್ಮ ಜಗಳ ತೆಗೆದಾಗ, "ಮಗಳು ಮಾಡಿದ್ದು ಅದ. ಒಬ್ಬಾಂವಾರ ಅದರ ಬಲ್ಲಿ ಇರಬೇಕಲ್ಲ" ಅಂದನಂತೆ.

ಮೊದಮೊದಲು ಎಲ್ಲವೂ ಸುರಳೀತ ನಡೆಯಿತು. ಸೋಮವಾರ ಬೆಳಿಗ್ಗೆ ಮಲ್ಲಣ್ಣ ಕಟ್ಟೆ ಹತ್ತಿ, ಕೈ ಮುಗಿದು, ಕೊಂಬು ಹಿಡಿದು ತಿರುಗಿಸುತ್ತಿದ್ದ. ಆಮೇಲೆ ಅರ್ಜಿಗಳು ಬರತೊಡಗಿದವು. ಮಗಳ ಲಗ್ನದ ಮೆರವಣಿಗೆ ಹೋಗುವಾಗ ಟಗರು ಮದುಮಕ್ಕಳ ಕಡೆ ನೋಡಬೇಕೆಂದು ಒಬ್ಬರು ಕೇಳಿದರು. ದೀಪಾವಳಿಯ ಸೇಲು ಮುಗಿಯುವ ತನಕ ತನ್ನ ಅಂಗಡಿಯ ಕಡೆ ನೋಡಬೇಕೆಂದು ರವಿಕಾಂತ ಬರೆದುಕೊಟ್ಟ; ಸದಸ್ಯನಾದ್ದರಿಂದ ತನ್ನ ಅರ್ಜಿಗೆ ತಾನೇ ಶಿಫಾರಸೂ ಮಾಡಿದ. ಪ್ರಯಾಗಬಾಯಿ ತಮ್ಮ ವಾರ್ಡಿನ ಪಾಲಿನ ವಾರದಲ್ಲಿ ಟಗರು ನೇರವಾಗಿ ನೋಡುತ್ತಿಲ್ಲ, ಓರೆಗಣ್ಣಿನಿಂದ ನೋಡುತ್ತಿದೆ ಎಂದು ತಕರಾರು ಎತ್ತಿದರು. ಅರ್ಜಿಗಳನ್ನೆಲ್ಲ ಮಂಜೂರು ಮಾಡುವುದರಲ್ಲಿಯೇ ಶಾಂತಿಯಿದೆಯೆಂದು ಗುರುಲಿಂಗಪ್ಪನವರು ಕಂಡುಕೊಂಡರು. ಟಗರು ಬೆಳಿಗ್ಗೆಯಿಂದ ಸಂಜೆಯ ತನಕ ತಿರುಗತೊಡಗಿತು, ಅದರ ಸಂಗಡ ಮಲ್ಲಣ್ಣನೂ. ಮಗಳ ಮನೆಗೆ ಹೋದ ಮೇಲೂ ಅವನಿಗೆ ಮನೆ ತಿರುಗುತ್ತಿತ್ತು. ಊಟಕ್ಕೆ ಕುಳಿತಾಗ ಮನಿಷಾ ತಾಟನ್ನು ಗಟ್ಟಿಯಾಗಿ ಹಿಡಿದುಕೊಂಡಿರಬೇಕಾಗುತ್ತಿತ್ತು.

ಅಷ್ಟರಲ್ಲಿ ನಗರ ಪರಿಷತ್ತಿನ ಚುನಾವಣೆ ಘೋಷಣೆಯಾಗಿ ಆಚಾರಸಂಹಿತೆ ಜಾರಿಗೆ ಬಂದಿತು. ಮತದಾರರಿಗೆ ಆಮಿಷ ತೋರಿಸುವುದು ಅಪರಾಧ. ಟಗರು ಒಂದು ವಾರ್ಡಿನ ಕಡೆ ಮುಖ ಮಾಡಿ ನಿಲ್ಲುವುದು ಆ ವಾರ್ಡಿನ ಮಟ್ಟಿಗೆ ಆಮಿಷ, ಉಳಿದವರ ಮಟ್ಟಿಗೆ ಬೆದರಿಕೆ ಎಂದು ಖಂಡೆಪ್ಪ ವಿವರಿಸಿದ. ತುರ್ತು ಸಭೆ ಸೇರಿತು.

"ತಾಡಪತ್ರಿ ಹೊದಿಸ್ರಿ," ಅಂದ ರವಿಕಾಂತ.

"ಒಳಗ ಅದು ಯಾರ ಕಡಿ ನೋಡ್ಲಾಕತ್ತದಂತ ನಮಗೇನ್ ಗೊತ್ತು?" ಅಂದರು ಪ್ರಯಾಗಬಾಯಿ.

ಗುರುಲಿಂಗಪ್ಪನವರು ತಲೆ ಎತ್ತಿ ಮಾಳಿಗೆಯ ಕಡೆ ನೋಡುತ್ತ, "ಖಂಡೆಪ್ಪಾ, ಆಕಾಶ ಯಾ ವಾರ್ಡಿನ್ಯಾಗ ಬರ್ತದ?" ಎಂದು ಕೇಳಿದರು.

ಖಂಡೆಪ್ಪ ನೆನಪು ಮಾಡಿಕೊಂಡ. "ಯಾ ವಾರ್ಡಿನ್ಯಾಗೂ ಬರಂಗಿಲ್ರೀ."

ಮರುದಿನ ಕ್ರೇನು ಬಂದು ಶ್ರೀಮತಿ ಟಗರನ್ನು ಎತ್ತಿ ಅಂಗಾತ ಮಲಗಿಸಿತು. ನಾಲ್ಕು ಕಾಲು ಮೇಲೆ, ಕೊಂಬು ಕೆಳಗೆ, ಮುಖ ಆಕಾಶಕ್ಕೆ. ಬೆನ್ನು ಕಟ್ಟೆಗೆ ಹತ್ತಿದ್ದರಿಂದ ಅದು ಯಾವ ವಾರ್ಡಿಗೂ ಕಾಣುತ್ತಿರಲಿಲ್ಲ. ನಿಯಮವು ಇಷ್ಟು ಸಂಪೂರ್ಣವಾಗಿ ಪಾಲನೆಯಾಗಿದ್ದು ಇದೇ ಮೊದಲು.

ಮಲ್ಲಣ್ಣನಿಗೆ ಆ ದಿನ ರಜೆ ಇತ್ತು. ಅದರ ಮರುದಿನ ಬೆಳಿಗ್ಗೆ, ತರಕಾರಿಯ ಗಾಡಿಗಳು ಬರುವ ಹೊತ್ತಿಗೆ, ಅವನು ಚೌಕಕ್ಕೆ ಬಂದ. ಕುರಿಗಾರನಾದವನು ಅಂಗಾತ ಬಿದ್ದ ಕುರಿಯನ್ನು ನೋಡಿ ವಿಚಾರ ಮಾಡುತ್ತ ನಿಲ್ಲುವುದಿಲ್ಲ. ಹಾಗೆ ಬಿದ್ದ ಕುರಿ ತಾನಾಗಿ ಏಳಲಾರದು, ಹೊಟ್ಟೆ ಉಬ್ಬಿ ಸಾಯುತ್ತದೆ. ಅವನು ಚಪ್ಪಲಿ ಬಿಟ್ಟು ಓಡಿದ.

"ಏ, ಬರ್ರೋ! ಕುರಿ ಬಿದ್ದದ! ಸಾಯ್ತದ, ಬರ್ರೋ!"

ಆ ಕೂಗಿನಲ್ಲಿ ಏನಿತ್ತೋ, ತರಕಾರಿಯವರು, ಹಾಲಿನವರು, ಬಸ್ಸಿಗೆ ನಿಂತಿದ್ದವರು ಎಲ್ಲರೂ ಓಡಿ ಬಂದರು. ಇದು ಸಿಮೆಂಟಿನದು ಎಂಬುದು ಯಾರಿಗೂ ಹೊಳೆಯಲಿಲ್ಲ. ಹಗ್ಗ ಹಾಕಿದರು, ಬಿದಿರು ಕೊಟ್ಟರು, ಹೆಗಲು ಕೊಟ್ಟರು. ಟಗರು ಹೊರಳಿ ನಾಲ್ಕು ಕಾಲ ಮೇಲೆ ನಿಂತಿತು. ಜನ ಚಪ್ಪಾಳೆ ಹೊಡೆದರು. ಮಲ್ಲಣ್ಣ ಅದರ ಹೊಟ್ಟೆ ತಿಕ್ಕುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಅಂಗೈ ನೋಡಿಕೊಂಡ. ಸಿಮೆಂಟಿನ ಪುಡಿ ಹತ್ತಿತ್ತು.

ಮಂಜೂರಾದ ಕಲಾಕೃತಿಯನ್ನು ಮಂಜೂರಾತಿ ಇಲ್ಲದೆ ನಿಲ್ಲಿಸಿದ ಆರೋಪದ ಮೇಲೆ ಮಲ್ಲಣ್ಣನ ವಿಚಾರಣೆ ನಡೆಯಿತು. ಮನಿಷಾ ಶಾಲೆಯಿಂದ ನೇರ ಬಂದು ಅಪ್ಪನ ಪಕ್ಕದಲ್ಲಿ ನಿಂತಳು.

"ಯಾಕ ನಿಲ್ಲಿಸ್ದಿ?" ಖಂಡೆಪ್ಪ ಕೇಳಿದ.

"ಬಿದ್ದಿತ್ರೀ."

"ಬಿದ್ದಿರಲಿಲ್ಲ. ಮಲಗಿಸಲಾಗಿತ್ತು."

"ಹಂಗ ಮಲಗಿದ್ರ ಕುರಿ ಸಾಯ್ತದ್ರೀ ಸಾವ್ಕಾರ್ರೇ," ಮಲ್ಲಣ್ಣ ಅಧ್ಯಕ್ಷರ ಕಡೆ ತಿರುಗಿದ.

ಖಂಡೆಪ್ಪ ಒಂದು ಕಾಗದ ಮುಂದಿಟ್ಟ. ಸದರಿ ಟಗರನ್ನು ಪರೀಕ್ಷಿಸಲಾಗಿದ್ದು, ಅಂಗಾತ ಸ್ಥಿತಿಯಲ್ಲಿಯೂ ಅದರ ಆರೋಗ್ಯ ಮೊದಲಿನಂತೆಯೇ ಇದೆ ಎಂದು ಪಶುವೈದ್ಯರು ಪ್ರಮಾಣಪತ್ರ ಕೊಟ್ಟಿದ್ದರು.

ಮನಿಷಾ ಆ ಕಾಗದವನ್ನು ಬದಿಗೆ ಸರಿಸಿದಳು. "ಸರ್, ಅದು ನಾ ಮಾಡಿದ್ದಲ್ಲ ಈಗ. ಕಟ್ಟಿ ಮ್ಯಾಲಿನ ನನ್ನ ಹೆಸರಾದ್ರೂ ಅಳಿಸಿಬಿಡ್ರಿ."

"ಹೆಸರು ಅಳಸೋದು ಕಲಾಕೃತಿದಾಗ ಬದಲಾವಣಿ ಆಗ್ತದ ಮ್ಯಾಡಮ್," ಅಂದ ಖಂಡೆಪ್ಪ ಮೃದುವಾಗಿ. "ಅದಕ್ಕ ಕಲಾವಿದರ ಒಪ್ಪಗಿ ಬೇಕು. ಕಲಾವಿದರು ನೀವಲ್ಲ ಅಂದ್ರ, ಒಪ್ಪಗಿ ಕೊಡೋರು ಯಾರು?"

ಮನಿಷಾ ಅಳಲಿಲ್ಲ. ನಗುವೂ ಬರಲಿಲ್ಲ. ಗುರುಲಿಂಗಪ್ಪನವರು ಉಳಿದವರನ್ನು ಹೊರಗೆ ಕಳುಹಿಸಿ, ಅವಳಿಗೆ ಕುಳಿತುಕೊಳ್ಳಲು ಹೇಳಿದರು, ಚಹಾ ತರಿಸಿದರು.

"ತಂಗೀ, ನಾ ಕುರುಡ ಇಲ್ಲ. ಚಂದ ಮಾಡಿದ್ದಿ. ಅದು ಅಂಗಳಕ್ಕ ಬಂದ ದಿನ ನಾ ಮನಿಗಿ ಹೋಗಿ ಹೆಂಡತಿ ಸರಸ್ವತಿಬಾಯಿ ಮುಂದನೂ ಹೇಳೀನಿ, ಟಗರು ಅಂದ್ರ ಹಿಂಗಿರಬೇಕು ಅಂತ. ಆದ್ರ ಏನದ, ನೆಟ್ಟಗ ನಿಂತದ್ದು ಒಂದು ಕಡಿ ನೋಡಲೇಬೇಕಾಗ್ತದ. ನೋಡಿದ್ರ ಇನ್ನೊಂದು ಕಡಿಯಾಂವ ಸಿಟ್ಟಾಗ್ತಾನ. ನಾ ಅಡತಿ ಅಂಗಡಿಯಾಂವ. ನಂಗ ನಾಲ್ಕೂ ಕಡಿ ಗಿರಾಕಿ ಅದಾರ."

ಅವರು ಬಹಳ ಪ್ರಾಮಾಣಿಕವಾಗಿ ಮಾತನಾಡುತ್ತಿದ್ದಾರೆಂದು ಮನಿಷಾಳಿಗೆ ಅನ್ನಿಸಿತು. ಅದೇ ಅವಳಿಗೆ ಹೆಚ್ಚು ದುಃಖ ಕೊಟ್ಟಿತು. ಚಹಾ ಮುಗಿಸಿ ಅಪ್ಪನನ್ನು ಕರೆದುಕೊಂಡು ಹೋದಳು. ಕ್ರೇನು ಮತ್ತೆ ಬಂದಿತು.

ಚುನಾವಣೆ ಮುಗಿಯಿತು. ಸಮಿತಿಯ ಅಧ್ಯಕ್ಷರೂ ಇಬ್ಬರು ಸದಸ್ಯರೂ ಮರಳಿ ಆರಿಸಿ ಬಂದರು. ಟಗರನ್ನು ಎಬ್ಬಿಸುವ ವಿಷಯ ಸಭೆಯ ಮುಂದೆ ಬಂದಾಗ ಯಾರಿಗೂ ಅದರ ಅಗತ್ಯ ಕಾಣಲಿಲ್ಲ. ಏಕೆಂದರೆ ಮೇಲೆ ಚಾಚಿದ ಕಾಲುಗಳು ನಾಲ್ಕಿದ್ದವು, ವಾರ್ಡುಗಳೂ ನಾಲ್ಕೇ. ಒಂದೊಂದು ವಾರ್ಡಿಗೆ ಒಂದೊಂದು ಕಾಲನ್ನು ಶಾಶ್ವತವಾಗಿ ಹಂಚಿಕೊಡಲಾಯಿತು. ಪ್ರಯಾಗಬಾಯಿ ತಮ್ಮ ಕಾಲಿಗೆ ಹಿತ್ತಾಳೆಯ ಗೆಜ್ಜೆ ಹಾಕಿಸಿದರು. ರವಿಕಾಂತ ತನ್ನ ಕಾಲಿಗೆ ಅಂಗಡಿಯ ಹೆಸರಿನ ಪತಾಕೆ ಕಟ್ಟಿದ. ಹೊಸದಾಗಿ ಲಗ್ನವಾದವರು ಆ ಕಾಲುಗಳಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳತೊಡಗಿದರು. ಬೇರೆ ತಾಲೂಕುಗಳಿಂದ ಅಧ್ಯಯನ ಪ್ರವಾಸಗಳು ಬಂದವು. ಬಂದವರು ತಲೆ ಓರೆ ಮಾಡಿ ನೋಡಿ, ಬರೋಬರ್ ಇದೆಯೆಂದು ಒಪ್ಪಿ, ಉಂಡು ಹೋದರು.

ಅಂಥ ಒಂದು ಊರಿನವರು ಮನಿಷಾಳ ಮನೆಗೂ ಬಂದರು. ತಮಗೂ ಒಂದು ಟಗರು ಬೇಕು, ಕ್ರೇನಿನ ಖರ್ಚು ಉಳಿಯುವಂತೆ ಮೊದಲಿಗೇ ಅಂಗಾತ ಮಾಡಿಕೊಡಬೇಕು ಅಂದರು. ಮನಿಷಾ ಒಳಗೆ ಹೋಗಿ ಅಳತೆಯ ಟೇಪು ತಂದು, "ನಿಮ್ಮೂರಾಗ ವಾರ್ಡು ಎಷ್ಟದಾವ್ರೀ?" ಎಂದು ಕೇಳಿದಳು. ಆರು ಅಂದರು. "ಹಂಗಾದ್ರ ಆರು ಕಾಲು," ಎಂದು ಬರೆದುಕೊಂಡಳು.

ತಿರುಗಿಸುವ ಕೆಲಸ ಇಲ್ಲವಾದರೂ ಮಂಜೂರಾದ ಹುದ್ದೆಯನ್ನು ರದ್ದು ಮಾಡಲು ಬರುವುದಿಲ್ಲ. ಆದ್ದರಿಂದ ಸಮಿತಿಯು ಮಲ್ಲಣ್ಣನ ಕರ್ತವ್ಯವನ್ನು ಮಾತ್ರ ಬದಲಾಯಿಸಿತು: ಟಗರು ಎದ್ದು ನಿಲ್ಲದಂತೆ ನೋಡಿಕೊಳ್ಳುವುದು. ಅವನು ದಿನವೂ ಕಂಬಳಿ ಹಾಸಿ ಕಟ್ಟೆಯ ನೆರಳಿನಲ್ಲಿ ಕುಳಿತು ಅದನ್ನೇ ನೋಡುತ್ತಿರುತ್ತಾನೆ. ಸಂಜೆ ಕಚೇರಿ ಮುಚ್ಚುವ ಮೊದಲು ಖಂಡೆಪ್ಪನ ಕಿಟಕಿಗೆ ಹೋಗಿ ವರದಿ ಕೊಡುತ್ತಾನೆ.

"ಇವತ್ತೂ ಎದ್ದಿಲ್ರೀ."

"ಚಾಂಗ್ಲಾ, ಚಲೋ ಆಯ್ತು," ಅನ್ನುತ್ತಾನೆ ಖಂಡೆಪ್ಪ.

ಊರಿನವರಿಗೂ ಇದು ರೂಢಿಯಾಗಿದೆ. ಅಂಗಡಿ ಮುಚ್ಚಿ ಹೋಗುವವರು, ಕೊನೆಯ ಬಸ್ಸಿಗೆ ಹೊರಟವರು, ಚೌಕದಲ್ಲಿ ಒಂದು ಗಳಿಗೆ ನಿಂತು, "ಮಲ್ಲಣ್ಣಾ, ಎದ್ದಿಲ್ಲಲ್ಲ?" ಎಂದು ಕೇಳುತ್ತಾರೆ. ಇಲ್ಲವೆಂದು ಅವನು ಕೈ ಆಡಿಸುತ್ತಾನೆ. ಅವರು ನಿಶ್ಚಿಂತೆಯಿಂದ ಮನೆಗೆ ಹೋಗಿ ಅಂಗಾತ ಮಲಗುತ್ತಾರೆ.