ಮುಚ್ಚಳದ ಮೇಲೊಂದು ಬೊಟ್ಟು

ಎಲ್ಲದಕ್ಕೂ ಕಾರಣ ಒಂದು ಬಿಸ್ಕತ್ತು.

ಬಣ್ಣದಂಗಡಿಯ ಯಜಮಾನಿಗೆ ಸಕ್ಕರೆ ಕಾಯಿಲೆ. ಸಿಹಿ ಕಂಡಾಗಲೆಲ್ಲ ಆಕೆಯ ಬಾಯಲ್ಲೂ ಕಣ್ಣಲ್ಲೂ ಬರುತ್ತಿದ್ದ ನೀರನ್ನು ತೊಟ್ಟಿ ಕಟ್ಟಿ ಹಿಡಿದಿದ್ದರೆ ಇಡೀ ಬೀದಿ ಒಂದು ಬೇಸಿಗೆ ದಾಟುತ್ತಿತ್ತು. ಹೋದ ವಾರ ಕೌಂಟರಿನಲ್ಲಿ ಕೂರುವವನು, "ಸಕ್ಕರೆ ಇಲ್ಲದ್ದು ಅಮ್ಮ, ನಿಮಗೋಸ್ಕರ ಹುಡುಕಿ ತಂದೆ" ಎಂದು ಒಂದು ಪೊಟ್ಟಣ ಬಿಸ್ಕತ್ತು ಕೈಗಿಟ್ಟ. ಯಜಮಾನಿ ಒಂದನ್ನು ಕಚ್ಚಿದರು. ಗೋಡೆಗೆ ಮೆತ್ತುವ ಪುಟ್ಟಿಯನ್ನು ಬಿಸಿಲಿಗಿಟ್ಟು ಒಣಗಿಸಿದ ಹಾಗಿತ್ತು. ಕಡಿದ ಸದ್ದಿಗೆ ಎದುರು ಕಟ್ಟಡದ ಪಾರಿವಾಳಗಳು ಹಾರಿಹೋದವು. ಆದರೂ "ಪಾಪ, ನೆನಪಿಟ್ಟು ತಂದಿದಾನೆ" ಎಂದು ಅವನ ಕಡೆ ನೋಡಿ ನಕ್ಕರು.

ಆ ನಗೆಯನ್ನು ಕಂಡು ಹದ್ದುಗಣ್ಣನ ಹೊಟ್ಟೆಯೊಳಗೆ ಬೆಂಕಿ ಬಿತ್ತು.

ಹದ್ದುಗಣ್ಣ ಎಂದರೆ ಆ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಇಪ್ಪತ್ತೆರಡು ವರ್ಷದಿಂದ ಬೆರೆಸುತ್ತಿದ್ದ, ಅದೂ ನಿಂತುಕೊಂಡೇ. ಗೋಡೆಯಿಂದ ಉಗುರಿನಷ್ಟು ಚಕ್ಕೆ ಕಿತ್ತು ತಂದರೆ ಸಾಕು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿ ಅದೇ ಬಣ್ಣವನ್ನು ಇಳಿಸಿಕೊಡುತ್ತಿದ್ದ. ಅವನಿರುವ ಊರಿನಲ್ಲಿ ಕಾಮನಬಿಲ್ಲು ಕೂಡ ತಪ್ಪು ಹಿಡಿದಾನೆಂಬ ಅಳುಕಿನಿಂದಲೇ ಮೂಡುತ್ತಿತ್ತು. ಈಗ ಪೇಟೆಯ ಆ ತುದಿಯಲ್ಲಿ ಯಜಮಾನಿಯ ಹೊಸ ಅಂಗಡಿ ಸಿದ್ಧವಾಗಿತ್ತು. ಅದರ ಕೀಲಿಕೈ ಯಾರಿಗೆ ಎಂಬುದು ಶುಕ್ರವಾರ ಸಂಜೆ ಐದು ಗಂಟೆಗೆ ಗೊತ್ತಾಗಬೇಕಿತ್ತು. ಹೊಸ ಅಂಗಡಿಯಲ್ಲಿ ಒಂದು ಕುರ್ಚಿ ಇತ್ತು, ತಿರುಗುವ ಕುರ್ಚಿ. ಅದು ತನ್ನದೇ ಎಂದು ಹದ್ದುಗಣ್ಣ ಹೆಂಡತಿಗೆ ಹೇಳಿಯಾಗಿತ್ತು. ಹೆಂಡತಿ ಮೆಟ್ಟಿಲ ಮೇಲೂ ಕೆಳಗೂ ಇರುವ ಎಲ್ಲ ಮನೆಗಳಿಗೆ ಹೇಳಿಯಾಗಿತ್ತು. ಅಂಥ ಕುರ್ಚಿಯನ್ನು ಒಂದು ಬಿಸ್ಕತ್ತು ಹೊತ್ತುಕೊಂಡು ಹೋಗುವುದೇ?

"ಇದೂ ಒಂದು ತಿಂಡಿನಾ ಅಮ್ಮ?" ಎಂದುಬಿಟ್ಟ. "ಶುಕ್ರವಾರ ನಾನು ಮಾಡ್ಕೊಂಡು ಬರ್ತೀನಿ ನೋಡಿ. ಚಾಕಲೇಟಿಂದು. ಸಕ್ಕರೆ ಒಂದು ಕಾಳೂ ಹಾಕಲ್ಲ, ಒಲೆ ಹಚ್ಚೋದೇ ಇಲ್ಲ. ನಿಮ್ಮ ಡಾಕ್ಟರೇ ಎರಡು ಚಮಚ ತಿನ್ನಿ ಅಂತ ಚೀಟಿ ಬರೆದುಕೊಡ್ಬೇಕು, ಹಂಗಿರುತ್ತೆ."

"ನೀನಾ? ನಿನಗೆ ಅಡುಗೆ ಬರುತ್ತಾ?"

"ಬರುತ್ತಾ ಅಂದ್ರೆ? ಮನೇಲಿ ವಾರಕ್ಕೆ ಎರಡು ಸಲ ನಾನೇ ಮಾಡೋದು!"

ಅಡುಗೆಮನೆಯಲ್ಲಿ ಅವನು ಅಲ್ಲಿಯವರೆಗೆ ಮಾಡಿದ್ದ ಕೆಲಸ ಒಂದೇ, ಊಟ.

ಶುಕ್ರವಾರ ಬೆಳಗ್ಗೆ ಆರಕ್ಕೇ ಎದ್ದು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ನಿಂತ. ಎರಡು ಮಾಗಿದ ಬೆಣ್ಣೆಹಣ್ಣು, ನೆನೆಸಿದ ಆರು ಖರ್ಜೂರ, ಕೋಕೋ ಪುಡಿ, ಒಂದಿಷ್ಟು ಹಾಲು, ಚಿಟಿಕೆ ಉಪ್ಪು. ಎಲ್ಲ ಮಿಕ್ಸಿಗೆ ಹಾಕಿ ತಿರುಗಿಸು, ತಣ್ಣಗಿಡು, ತಿನ್ನು, ಅಷ್ಟೇ. ಮೂರು ವರ್ಷದ ಮಗುವೂ ಮಾಡಬಹುದಾದದ್ದು. ಹದ್ದುಗಣ್ಣನಿಗೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಏಕೆಂದರೆ ಅವನು ಕೋಕೋ ಪುಡಿಯನ್ನು ಚಮಚದಲ್ಲಿ ಅಳೆಯಲಿಲ್ಲ. ಜೇಬಿನಿಂದ ಅಂಗಡಿಯ ಬಣ್ಣದ ಪಟ್ಟಿ ತೆಗೆದು, ಅದರಲ್ಲಿದ್ದ ಕಂದು ಬಣ್ಣಗಳ ಪಕ್ಕ ಮಿಕ್ಸಿಯ ಜಾರನ್ನು ಹಿಡಿದು, ಚಿಟಿಕೆ ಚಿಟಿಕೆಯಾಗಿ ಸೇರಿಸುತ್ತಾ ಹೋದ.

ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ ಹೆಂಡತಿ ಕೇಳಿದಳು, "ರೀ, ತಿನ್ನೋದು ತಾನೆ ಇದು? ನಾಲಿಗೆ ಮೇಲೆ ಒಂಚೂರು ಹಾಕಿ ನೋಡಬಾರ್ದಾ?"

"ನಾಲಿಗೆ ಸುಳ್ಳು ಹೇಳುತ್ತೆ ಕಣೇ. ಕಣ್ಣು ಹೇಳಲ್ಲ."

ಅವಳು ಬೆರಳು ಅದ್ದಿ ತಾನೇ ನೋಡಿದಳು. ಹುಬ್ಬು ಎರಡೂ ಹಣೆಯ ಅರ್ಧಕ್ಕೆ ಹೋದವು. ಬಾಯಿಂದ ಮಾತ್ರ ಒಂದು ಮಾತೂ ಬರಲಿಲ್ಲ. ಹೊಗಳಿದರೆ ಈ ಮನುಷ್ಯ ಆಮೇಲೆ ನೆಲದ ಮೇಲೆ ನಡೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಒಂದು ಡಬ್ಬಿ ಕೊಡೇ, ಹಾಕ್ಕೊಂಡು ಹೋಗ್ತೀನಿ."

"ಕೊಡಲ್ಲ. ನಿಮ್ಮಂಗಡಿಗೆ ಹೋದ ನನ್ನ ಡಬ್ಬಿ ಒಂದಾದ್ರೂ ವಾಪಸ್ಸು ಬಂದಿದೆಯಾ? ಮುಚ್ಚಳ ಬಂದ್ರೆ ಡಬ್ಬಿ ಇಲ್ಲ, ಡಬ್ಬಿ ಬಂದ್ರೆ ಅದರ ತುಂಬ ಹಸಿರು ಬಣ್ಣ."

ಚೀಲದಲ್ಲಿ ಅಂಗಡಿಯ ಹೊಸ ಸ್ಯಾಂಪಲ್ ಡಬ್ಬಿ ಒಂದಿತ್ತು, ಖಾಲಿ, ಹೊಳೆಯುವಂಥದ್ದು. ಬಿಸಿನೀರಲ್ಲಿ ಮೂರು ಸಲ ತೊಳೆದು ತಿಂಡಿಯನ್ನು ತುಂಬಿದ. ಮುಚ್ಚಳ ಒತ್ತಿದ. ಆಮೇಲೆ ಅವನ ಕೈ ಅವನನ್ನು ಕೇಳದೆ ಒಂದು ಕೆಲಸ ಮಾಡಿತು.

ಬಣ್ಣ ಬೆರೆಸುವವರಲ್ಲಿ ಒಂದು ರೂಢಿ ಉಂಟು. ಡಬ್ಬಿ ಮುಚ್ಚಿದ ಕೂಡಲೇ ಒಳಗಿನ ಬಣ್ಣವನ್ನು ಬೆರಳಲ್ಲಿ ತೆಗೆದು ಮುಚ್ಚಳದ ಮೇಲೆ ಒಂದು ಬೊಟ್ಟು ಇಡುವುದು. ಒಳಗೇನಿದೆ ಎಂದು ತೆರೆಯದೆ ತಿಳಿಯಲಿ ಎಂದು. ಇಪ್ಪತ್ತೆರಡು ವರ್ಷದಲ್ಲಿ ಲಕ್ಷಾಂತರ ಮುಚ್ಚಳಗಳಿಗೆ ಬೊಟ್ಟಿಟ್ಟ ಬೆರಳದು. ಮಿಕ್ಸಿಯಲ್ಲಿ ಉಳಿದದ್ದನ್ನು ಸವರಿ ಚಾಕಲೇಟಿನ ಮುಚ್ಚಳಕ್ಕೂ ಒಂದು ದುಂಡನೆಯ ಬೊಟ್ಟು ಇಟ್ಟಿತು. ಹೆಂಡತಿ ನೋಡಿದಳು. ಅಲಂಕಾರ ಇರಬೇಕು ಅಂದುಕೊಂಡಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಟೀ ಹಾಲಿಗೆಂದು ಒಂದು ಸಣ್ಣ ಫ್ರಿಜ್ ಇತ್ತು. ಹದ್ದುಗಣ್ಣ ಡಬ್ಬಿಯನ್ನು ಹಾಲಿನ ಪಕ್ಕದಲ್ಲಿಟ್ಟು, ಯಾರದೋ ಮನೆಯ ಗೋಡೆಯ ಬಣ್ಣ ಹೊಂದಿಸಲು ಹೊರಟ. ದಾರಿಯುದ್ದಕ್ಕೂ ತಿರುಗುವ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಐನೂರು ಸುತ್ತು ತಿರುಗಿದ.

ಹನ್ನೆರಡೂವರೆಗೆ ಬಂದು ಫ್ರಿಜ್ ತೆರೆದರೆ ಹಾಲಿತ್ತು. ಹಾಲು ಮಾತ್ರ ಇತ್ತು.

"ಇಲ್ಲೊಂದು ಡಬ್ಬಿ ಇತ್ತಲ್ಲಪ್ಪಾ?"

ಕೌಂಟರಿನವನು ತಲೆ ಎತ್ತಿದ. "ಅದಾ! ನಿಮಗೇನು ತಲೆಗಿಲೆ ಕೆಟ್ಟಿದೆಯಾ ಅಣ್ಣ? ಹಾಲಿನ ಪಕ್ಕ ಬಣ್ಣ ಇಡ್ತೀರಲ್ಲ, ಟೀ ಕುಡಿಯೋರು ನಾವೇನು ಮನುಷ್ಯರಲ್ವಾ? ಶಿಶುವಿಹಾರದ ಟೀಚರ್ ಬಂದಿದ್ರು. 'ಬಾಗಿಲಿಗೆ ಕಂದು ಬಣ್ಣದ ಸ್ಯಾಂಪಲ್ ಬೆರೆಸಿಡ್ತೀನಿ ಅಂದಿದ್ರು ನಿಮ್ಮೋರು, ಎಲ್ಲಿ?' ಅಂದ್ರು. ಮುಚ್ಚಳ ನೋಡ್ದೆ. ಕಂದು. ಕೊಟ್ಟು ಕಳಿಸ್ದೆ. ನಿಮ್ಮ ಮಾನ ಉಳಿಸಿದೀನಿ, ಒಂದು ಟೀ ಕೊಡ್ಸಿ."

ಹದ್ದುಗಣ್ಣನ ಮುಖ ಸುಣ್ಣ ಬಳಿದಂತಾಯಿತು. ಟೀಚರಿಗೆ ಮಾತು ಕೊಟ್ಟದ್ದು ಈಗ ನೆನಪಾಯಿತು. ಚಾಕಲೇಟಿನ ಗುಂಗಿನಲ್ಲಿ ಆ ಸ್ಯಾಂಪಲ್ಲನ್ನು ಅವನು ಬೆರೆಸಿಯೇ ಇರಲಿಲ್ಲ. ಬೊಟ್ಟು ಇಟ್ಟವನೂ ಅವನೇ, ಮರೆತವನೂ ಅವನೇ. ಬೈಯಲು ಇನ್ನೊಬ್ಬರಿಲ್ಲದ ತಪ್ಪಿನಷ್ಟು ಭಾರದ್ದು ಲೋಕದಲ್ಲಿ ಬೇರೊಂದಿಲ್ಲ. "ಅದು ತಿಂಡಿ" ಎಂದು ಹೇಳಿದರೆ? ತಿಂಡಿಯನ್ನು ಬಣ್ಣವೆಂದು ಮಾರಿದ ಅಂಗಡಿ ಅಂತ ಊರೆಲ್ಲ ನಗುತ್ತದೆ. ಕುರ್ಚಿ ತಿರುಗುವುದಿರಲಿ, ಇದ್ದ ನೆಲವೂ ಹೋಗುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. ಪುಟ್ಟಿ ಕೆರೆಯುವ ತಗಡನ್ನು ಜೇಬಿಗಿಳಿಸಿ ಓಡಿದ.

ಶಿಶುವಿಹಾರ ಎರಡು ಬೀದಿ ಆಚೆ. ಮುಂಬಾಗಿಲು ಮುಚ್ಚಿತ್ತು. "ಮಕ್ಕಳು ಮಲಗಿದ್ದಾರೆ, ಸದ್ದು ಬೇಡ" ಎಂಬ ರಟ್ಟು ತೂಗುತ್ತಿತ್ತು. ಮೆಟ್ಟಿಲ ಮೇಲೆ ಖಾಲಿ ಡಬ್ಬಿ, ಒದ್ದೆ ಬ್ರಷ್ಷು. ಬಾಗಿಲಿನ ಕೆಳಗಿನ ಅರ್ಧಕ್ಕೆ ನಯವಾಗಿ, ಒಂದೇ ಸಮನಾಗಿ, ಅವನ ಚಾಕಲೇಟು.

ನಾಚಿಕೆಗೆಟ್ಟ ಮಾತು, ಆದರೆ ಹೇಳಲೇಬೇಕು: ಮೊದಲು ಅವನಿಗೆ ಆದದ್ದು ಹೆಮ್ಮೆ. ಅಂಥ ಕಂದು ಬಣ್ಣವನ್ನು ಅವನ ಕೈ ಹಿಂದೆಂದೂ ಬೆರೆಸಿರಲಿಲ್ಲ. ಬಿಸಿಲು ಬಿದ್ದ ಕಡೆ ಮಖಮಲ್ಲು, ನೆರಳಿನ ಕಡೆ ಹಳೆಯ ತೇಗ. ಎರಡನೆಯದಾಗಿ ಬಂದ ಯೋಚನೆ ಇನ್ನೂ ನಾಚಿಕೆಗೇಡಿನದು. ಮೆಲ್ಲಗೆ ಕೆರೆದು ಡಬ್ಬಿಗೆ ತುಂಬಿದರೆ ಸಂಜೆಗೆ ಯಜಮಾನಿಗೆ ಎರಡು ಚಮಚ ಆಗಬಹುದೇ ಎಂದು ಅವನು ಅಳತೆ ಹಾಕಿದ. ಅಷ್ಟರಲ್ಲಿ ಹೊಸ್ತಿಲ ಸಂದಿಯಿಂದ ಇರುವೆಗಳ ಒಂದು ದಂಡು ಸಾಲುಗಟ್ಟಿ ಹೊರಟದ್ದು ಕಂಡಿತು. ಮಂಡಿಯೂರಿ ಕೂತು, ಉಸಿರು ಬಿಗಿಹಿಡಿದು, ತಗಡಿನಿಂದ ಕೆರೆಯತೊಡಗಿದ. ಕರ್, ಕರ್.

"ಯಾರಯ್ಯಾ ಅದು? ಬಾಗಿಲು ಯಾಕೆ ಕೊರೀತಿದೀಯಾ?"

ಎದುರಂಗಡಿಯ ದರ್ಜಿ, ಕುತ್ತಿಗೆಯಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಕತ್ತರಿ. ಆ ಕೂಗಿಗೆ ಮಲಗಿದ ಮಕ್ಕಳೇನು, ಪಕ್ಕದ ಊರಿನವರೂ ಎದ್ದಿರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನೈದು ಜನ ಸೇರಿದರು.

"ಬಣ್ಣದಂಗಡಿಯವನು ನಾನು! ಈ ಬಣ್ಣ ಸರಿಯಿಲ್ಲ, ಅದಕ್ಕೆ ತೆಗೀತಿದೀನಿ."

"ಸರಿಯಿಲ್ಲ ಅಂದ್ರೆ?" ದರ್ಜಿಯ ಕತ್ತರಿ ಮೇಲೆದ್ದಿತು. "ಏನಿದೆ ಅದರಲ್ಲಿ? ಕದ್ದುಮುಚ್ಚಿ ಕೆರೀತಿದೀಯಾ ಅಂದ್ರೆ ವಿಷಗಿಷ ಇರ್ಬೇಕು. ಹಾಲು ಕುಡಿಯೋ ಮಕ್ಕಳಿರೋ ಜಾಗ ಕಣಯ್ಯಾ ಇದು!"

"ವಿಷವಂತೆ!" ಹಿಂದಿನಿಂದ ಒಂದು ದನಿ. "ಬಣ್ಣದಂಗಡಿಯೋರು ವಿಷ ಬಳಿದ್ರಂತೆ!" ಅದರ ಹಿಂದಿನ ದನಿ. "ಫೋನ್ ಮಾಡ್ರೀ ಅವರ ಯಜಮಾನಿಗೆ!" ಮೂರನೆಯದು.

ಯಜಮಾನಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹದ್ದುಗಣ್ಣನ ಬುದ್ಧಿ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಟುಹೋಯಿತು. "ವಿಷ ಅಲ್ಲ ಕಣ್ರೀ! ನೋಡ್ರೀ ಬೇಕಾದ್ರೆ!" ಎಂದವನೇ ಬಾಗಿಲಿಗೆ ಮುಖ ಒತ್ತಿ, ಎರಡು ಗೇಣು ಉದ್ದಕ್ಕೆ ನೆಕ್ಕಿದ.

ದರ್ಜಿಯ ಕತ್ತರಿ ಕೆಳಗಿಳಿಯಿತು.

ತಾನು ಮಾಡಿದ್ದರ ರುಚಿ ಅವನಿಗೆ ತಿಳಿದದ್ದು ಆಗಲೇ. ಬೆಣ್ಣೆಹಣ್ಣಿನ ನುಣುಪು, ಹಿತವಾದ ಕಹಿ, ಅದರ ಹಿಂದೆ ಮೆತ್ತಗೆ ಬರುವ ಖರ್ಜೂರ. ಜೀವಮಾನದಲ್ಲಿ ಅಂಥದ್ದು ಅವನ ನಾಲಿಗೆಗೆ ತಾಗಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮತ್ತೊಮ್ಮೆ ನೆಕ್ಕಿದ.

ಮೊದಲನೆಯದು ಪ್ರಾಣ ಉಳಿಸಿಕೊಳ್ಳಲು. ಎರಡನೆಯದಕ್ಕೆ ದೇವರ ಮುಂದೆ ನಿಲ್ಲಿಸಿ ಕೇಳಿದರೂ ಅವನಲ್ಲಿ ಕಾರಣವಿರಲಿಲ್ಲ.

ಕಣ್ಣು ತೆರೆದಾಗ ಪಕ್ಕದ ಕಿಟಕಿಯಲ್ಲಿ ಟೀಚರ್, ಬಾಯಿಗೆ ಸೆರಗು ಒತ್ತಿ ನಿಂತಿದ್ದರು. ಅವರ ಸುತ್ತ ಕಿಟಕಿಯ ಸರಳುಗಳ ನಡುವೆ ಎಂಟು ಹತ್ತು ಪುಟ್ಟ ಮುಖಗಳು. ಒಂದು ಮುಖ ಸ್ಪಷ್ಟವಾಗಿ ಕೇಳಿತು, "ಮಿಸ್, ಆ ಅಂಕಲ್ ಬಾಗಿಲು ಯಾಕೆ ತಿಂತಿದಾರೆ?"

ಭೂಮಿ ಬಾಯಿ ಬಿಡಲಿ ಎಂದು ಅವನು ಬೇಡಿದ. ಅದು ಬಿಡಲಿಲ್ಲ. ಅವನ ಗಲ್ಲದ ಮೇಲೆ ಇದ್ದದ್ದನ್ನು ಇರುವೆಯೊಂದು ಪರೀಕ್ಷಿಸುತ್ತಿತ್ತು. ಉಳಿದದ್ದನ್ನು ಬರಬರನೆ ಕೆರೆದು, ಅಂಗಿಯ ತೋಳಿನಿಂದ ಬಾಗಿಲು ಒರೆಸಿ, ಸಂದಿಗೊಂದಿಗಳಲ್ಲೇ ನಡೆದು, ಇಂಗು ತಿಂದ ಮಂಗನಂತೆ ಅಂಗಡಿ ಸೇರಿದ. ದಾರಿಯಲ್ಲಿ ಒಂದು ನಾಯಿ ನೋಡಿತು. ಅದಕ್ಕೂ ಮುಖ ತೋರಿಸಲಾರದೆ ತಲೆ ತಗ್ಗಿಸಿದ.

ಐದು ಗಂಟೆ. ಯಜಮಾನಿ ಬಂದು ಕೂತರು. ಮುಂದೆ ಮೇಜು, ಮೇಜಿನ ಮೇಲೆ ಕೀಲಿಕೈ, ಪಕ್ಕದಲ್ಲಿ ಮನೆಯಿಂದಲೇ ತಂದ ಒಂದು ಚಮಚ. ಆ ಚಮಚ ಕಂಡು ಹದ್ದುಗಣ್ಣನಿಗೆ ಅಳು ಬಂತು.

"ಎಲ್ಲಪ್ಪಾ ನಿನ್ನ ಸಿಹಿ?"

ಬಾಯಿ ತೆರೆದ. ಅದೇ ಹೊತ್ತಿಗೆ ಬಾಗಿಲಲ್ಲಿ ಟೀಚರ್ ಬಂದು ನಿಂತರು.

"ಇವರೇ!" ಟೀಚರ್ ಬೆರಳು ತೋರಿದರು. "ಅಮ್ಮ, ಇವರು ಇವತ್ತು ಏನು ಮಾಡಿದ್ರು ಗೊತ್ತಾ ನಿಮಗೆ?"

"ಏನು ಮಾಡಿದ?"

"ನನ್ನ ಬಾಗಿಲು ನೆಕ್ಕಿದ್ರು."

ಯಜಮಾನಿ ಹದ್ದುಗಣ್ಣನನ್ನು ನೋಡಿದರು. ಹದ್ದುಗಣ್ಣ ತನ್ನ ಚಪ್ಪಲಿಯನ್ನು ನೋಡಿದ.

"ಹದಿನೆಂಟು ವರ್ಷದಿಂದ ನಾನು ಎಲ್ಲ ಬಣ್ಣದಂಗಡಿಯಲ್ಲೂ ಒಂದೇ ಪ್ರಶ್ನೆ ಕೇಳ್ತಾ ಬಂದಿದೀನಿ," ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಕ್ಕಳು ಗೋಡೆಗೆ ಬಾಯಿ ಹಾಕ್ತಾವೆ, ಏನೂ ಆಗಲ್ವಾ ಅಂತ. ಒಬ್ಬೊಬ್ಬರೂ ಕಾಗದ ತೋರಿಸಿದ್ರು. ಇವರೊಬ್ಬರು ನಾಲಿಗೆ ತೋರಿಸಿದ್ರು! ಅದೂ ಎರಡು ಸಲ ಅಮ್ಮ. ಒಂದೇ ಸಲ ನೆಕ್ಕಿದ್ರೆ ನಾಟಕ ಅಂದ್ಕೋತಿದ್ದೆ. ಆ ಎರಡನೇ ಸಲ ಅವರ ಮುಖ ನೋಡ್ಬೇಕಿತ್ತು ನೀವು. ಆಮೇಲೆ ಕೆರೆದು ಒರೆಸಿ ಹೋದ್ರು, ಸ್ಯಾಂಪಲ್ ತಾನೆ, ಹೋಗ್ಲಿ. ಇಡೀ ಶಿಶುವಿಹಾರಕ್ಕೆ ಒಳಗೂ ಹೊರಗೂ ನನಗೆ ಅದೇ ಬಣ್ಣ ಬೇಕು. ಭಾನುವಾರ ಅಪ್ಪ ಅಮ್ಮಂದಿರ ಸಭೆ ಇದೆ. ಇವರು ಬಂದು ಎಲ್ಲರ ಮುಂದೆ ಒಂದು ಸಲ ನೆಕ್ಕಿ ತೋರಿಸ್ಬೇಕು."

ಯಜಮಾನಿಯ ಮುಖ ಹೊಸ ಮನೆಯಂತೆ ಬೆಳಗಿತು. ಹದ್ದುಗಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

"ಅಮ್ಮ, ಅದು ಬಣ್ಣ ಅಲ್ಲ! ನಿಮಗೆ ಅಂತ ಮಾಡಿದ ಚಾಕಲೇಟು! ನಾನೇ ಮಾಡಿದ್ದು, ಈ ಕೈಯಾರೆ!"

ಕೌಂಟರಿನವನು ನಗಲು ಶುರುಮಾಡಿದ. ಸ್ಟೂಲಿನಿಂದ ಜಾರಿ ಕೆಳಗೆ ಕೂತು ನಕ್ಕ. "ಇವರಾ? ಚಾಕಲೇಟಾ? ಅಮ್ಮ, ಹೋದ ತಿಂಗಳು ಟೀಗೆ ನೀರು ಕಾಯಿಸಿ ಅಂದ್ರೆ ಪಾತ್ರೆ ಸುಟ್ಟು ತೂತು ಮಾಡಿದ್ರು!"

"ಇರ್ಲಿ ಬಿಡೋ, ನಗಬೇಡ," ಎಂದರು ಯಜಮಾನಿ ಮರುಕದಿಂದ. "ದೊಡ್ಡ ಕೆಲಸ ಮಾಡಿದೋರಿಗೆ ಹೊಗಳಿದ್ರೆ ಸಂಕೋಚ ಆಗುತ್ತೆ. ಸಿಹಿ ತರೋದು ಮರೆತಿದಾನೆ ಪಾಪ, ಅದನ್ನೂ ಇದಕ್ಕೇ ಸೇರಿಸ್ತಿದಾನೆ." ಕೀಲಿಕೈ ಎತ್ತಿ ಕೌಂಟರಿನವನ ಕೈಗಿಟ್ಟರು. "ಹೊಸ ಅಂಗಡೀನ ನೀನು ನೋಡ್ಕೋ. ಕೂತ್ಕೊಳ್ಳೋ ಕೆಲಸ ಯಾರಾದ್ರೂ ಮಾಡ್ತಾರೆ. ನಿಂತು ನೆಕ್ಕೋ ಧೈರ್ಯ ಇರೋನು ನನ್ನ ಹತ್ರ ಒಬ್ಬನೇ. ಇವನನ್ನ ಇಲ್ಲಿಂದ ಕಳಿಸಿದ್ರೆ ನನಗೆ ಬುದ್ಧಿ ಇಲ್ಲ ಅಂತ ಅರ್ಥ."

ಎದ್ದು ಹೋಗಿ ಕಪಾಟಿನಿಂದ ಕಂದು ಬಣ್ಣದ ಡಬ್ಬಿಯೊಂದನ್ನು ತಾವೇ ತಂದರು. ಅಸಲಿ ಎಣ್ಣೆ ಬಣ್ಣ. ಮುಚ್ಚಳ ಕಿತ್ತಾಗ ಬಂದ ಘಾಟಿಗೆ ನೊಣವೊಂದು ಹಾರುತ್ತಿದ್ದಲ್ಲೇ ಮೂರ್ಛೆ ಹೋಯಿತು. ಮನೆಯಿಂದ ತಂದ ಚಮಚವನ್ನು ಅದರಲ್ಲಿ ಅದ್ದಿ, ತುಂಬು ಪ್ರೀತಿಯಿಂದ ಅವನ ಮುಂದೆ ಹಿಡಿದರು.

"ಎಲ್ಲಿ, ನನಗೂ ಒಂದು ಸಲ ತೋರಿಸು."

ಹದ್ದುಗಣ್ಣ ಚಮಚವನ್ನು ನೋಡಿದ. ಟೀಚರ ಒದ್ದೆ ಕಣ್ಣುಗಳನ್ನು ನೋಡಿದ. ಕೀಲಿಕೈಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದವನನ್ನೂ ನೋಡಿದ.

"ಹೊಟ್ಟೆ ತುಂಬಿದೆ ಅಮ್ಮ," ಎಂದ ಸಣ್ಣ ದನಿಯಲ್ಲಿ.

"ಪರವಾಗಿಲ್ಲ," ಎಂದರು ಯಜಮಾನಿ, ಬೆನ್ನು ತಟ್ಟುತ್ತಾ. "ಭಾನುವಾರ ಹಸ್ಕೊಂಡು ಬಾ."