ಅನುಭವಸ್ಥ ಪ್ರೇಕ್ಷಕರ ವಾರ್ಷಿಕ ವರದಿ

ಸಾರ್ವಜನಿಕರ ಅಭಿಪ್ರಾಯ ಪಡೆಯದೆ ಯಾವ ಚಲನಚಿತ್ರವೂ ಎರಡನೆಯ ವಾರವನ್ನು ಕಾಣತಕ್ಕದ್ದಲ್ಲ ಎಂಬುದು ನಿಯಮ. ಆ ಅಭಿಪ್ರಾಯಗಳನ್ನು ಸ್ವೀಕರಿಸಿ, ವಿಂಗಡಿಸಿ, ದಾರ ಕಟ್ಟಿ ಕಪಾಟಿನಲ್ಲಿಡುವುದಕ್ಕೆಂದೇ ನಮ್ಮ ಪ್ರೇಕ್ಷಕ ಅಭಿಪ್ರಾಯ ಕಚೇರಿ ಇದೆ. ನಾನು ಅಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಈ ಅವಧಿಯಲ್ಲಿ ನಾನು ಒಂದೇ ಒಂದು ಅಭಿಪ್ರಾಯವನ್ನೂ ಕಳೆದಿಲ್ಲ, ಎರಡನ್ನು ಬಿಟ್ಟರೆ ಒಂದನ್ನೂ ಓದಿಲ್ಲ. ಓದುವುದು ನನ್ನ ಮೇಜಿನ ಕೆಲಸವಲ್ಲ.

ನನ್ನ ಮೇಜಿನ ಕೆಲಸ ನಮೂನೆಯ ಕೊನೆಯ ಕಲಮನ್ನು ನೋಡುವುದು. ‘ಅಭಿಪ್ರಾಯಕ್ಕೆ ಆಧಾರ’ ಎಂಬ ಆ ಕಲಮಿನಲ್ಲಿ ಮೂರು ಚೌಕಗಳಿವೆ: ಸ್ವಂತ ಅನುಭವ, ಕೇಳಿದ ಮಾತು, ಏನೂ ಇಲ್ಲ. ಜನ ಕಣ್ಣು ಮುಚ್ಚಿಕೊಂಡು ‘ಏನೂ ಇಲ್ಲ’ಕ್ಕೆ ಗುರುತು ಹಾಕಿ ಹೋಗುತ್ತಾರೆ. ಕಚೇರಿ ಇಷ್ಟು ವರ್ಷ ಸುಗಮವಾಗಿ ನಡೆದಿರುವುದು ಈ ಸಹಕಾರದಿಂದಲೇ.

ಹೀಗಿರಲಾಗಿ ಬಾಡಿಗೆ ಕೊಲೆಗಾರರು ಮತ್ತು ಮಾದಕವಸ್ತು ಜಾಲದ ಕುರಿತ ಕ್ರೈಮ್ ಥ್ರಿಲ್ಲರ್ ಒಂದು ತೆರೆಕಂಡಿತು. ಅದರಲ್ಲಿ ನಲವತ್ತಮೂರು ಜನ ಸಾಯುತ್ತಾರೆ, ಒಬ್ಬಳು ನರ್ತಿಸುತ್ತಾಳೆ. ಅಭಿಪ್ರಾಯಗಳು ಎಂದಿನಂತೆಯೇ ಬಂದವು. ಹಾಡು ಚೆನ್ನಾಗಿದೆ, ಫ್ಯಾನು ತಿರುಗಲಿಲ್ಲ, ಮುಂದಿನ ಸೀಟಿನವರ ತಲೆ ದೊಡ್ಡದು ಎಂದು ಪಕ್ಕದ ಮೇಜಿನವರು ಓದಿ ಹೇಳಿದರು. ಆದರೆ ಎರಡು ನಮೂನೆಗಳಲ್ಲಿ ‘ಸ್ವಂತ ಅನುಭವ’ಕ್ಕೆ ಗುರುತು ಬಿದ್ದಿತ್ತು. ನಾನು ಕೂತಲ್ಲೇ ಬೆವತೆ.

ನಿಯಮ ಹದಿನಾಲ್ಕರ ಪ್ರಕಾರ ಅನುಭವಸ್ಥರ ಅಭಿಪ್ರಾಯವನ್ನು ಓದಲೇಬೇಕು. ಓದಿದೆ. ಮೊದಲನೆಯದು ನಮ್ಮ ಹಿಂದಿನ ಬೀದಿಯ ದರ್ಜಿಯವರದು. ‘ಕೊಲೆಗಾರನ ಕೋಟಿನ ಒಳಜೇಬಿನಲ್ಲಿ ಆ ಬಂದೂಕು ನಿಲ್ಲುವುದಿಲ್ಲ. ಎಡಭುಜ ಜಗ್ಗುತ್ತದೆ, ಎದುರಿಗೆ ಬಂದವರಿಗೆ ತಕ್ಷಣ ತಿಳಿಯುತ್ತದೆ. ಒಳಗೆ ಗಟ್ಟಿ ಬಟ್ಟೆ ಕೊಟ್ಟು ಎರಡು ಹೊಲಿಗೆ ಹೆಚ್ಚಿಗೆ ಹಾಕಬೇಕಿತ್ತು.’ ಎರಡನೆಯದು ಹಿಟ್ಟಿನ ಗಿರಣಿ ನಡೆಸುವ ಹೆಂಗಸಿನದು. ‘ಬಿಳಿ ಪುಡಿಯ ಪೊಟ್ಟಣವನ್ನು ಹಾಗೆ ಚಾಕುವಿನಿಂದ ಸೀಳಿದರೆ ಅರ್ಧ ನೆಲದ ಪಾಲು. ಇಡೀ ಜಾಲದಲ್ಲಿ ಒಬ್ಬನ ರೆಪ್ಪೆಯ ಮೇಲೂ ಪುಡಿ ಕೂತಿಲ್ಲ. ಇವರು ಕೆಲಸ ಮಾಡಿದವರಲ್ಲ.’

ಅನುಭವಸ್ಥರನ್ನು ಅವರವರ ಅನುಭವದ ಖಾನೆಯಲ್ಲಿ ನೋಂದಾಯಿಸಬೇಕು. ಖಾನೆಗಳನ್ನು ಚಿತ್ರದ ಕಥೆ ನೋಡಿ ಮೊದಲೇ ಅಚ್ಚು ಹಾಕಿಸಿರುತ್ತಾರೆ. ಈ ಚಿತ್ರಕ್ಕೆ ಇದ್ದದ್ದು ಮೂರು: ಕೊಲೆಗಾರ, ಮಾದಕವಸ್ತು ಜಾಲ, ನರ್ತಕಿ. ದರ್ಜಿಯವರನ್ನು ನರ್ತಕಿಯ ಖಾನೆಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಅವರನ್ನು ಕೊಲೆಗಾರ ಎಂದೂ ಗಿರಣಿಯ ಹೆಂಗಸನ್ನು ಮಾದಕವಸ್ತು ಜಾಲ ಎಂದೂ ಬರೆದು, ಮುದ್ರೆ ಒತ್ತಿ, ನಿಯಮದಂತೆ ಎಲ್ಲ ಕಚೇರಿಗಳಿಗೂ ಪ್ರತಿ ಕಳಿಸಿದೆ.

ಮೂರನೆಯ ವಾರ ದರ್ಜಿಯವರು ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರಲು ನಮ್ಮ ಕಚೇರಿಗೆ ಬಂದರು. ಅವರ ಅಂಗಡಿಯ ಪರವಾನಗಿ ನವೀಕರಣವಾಗಿರಲಿಲ್ಲ. ಆ ಅಂಗಡಿಯನ್ನು ದರ್ಜಿಗೆ ಕೊಟ್ಟದ್ದು, ಕೊಲೆಗಾರನಿಗಲ್ಲ, ತಿಂಗಳೊಳಗೆ ಖಾಲಿ ಮಾಡಿ ಎಂದು ನೋಟಿಸು ಬಂದಿತ್ತು. ಮೂವತ್ತೊಂದು ವರ್ಷದಿಂದ ಅವರು ಆ ಎಂಟಡಿ ಜಾಗದಲ್ಲಿ ಒಂದೇ ಯಂತ್ರದ ಮುಂದೆ ಕೂತವರು. ಅದು ಬಿಟ್ಟರೆ ಅವರಿಗೆ ಬೇರೆ ಜೀವನವಿಲ್ಲ.

“ಸ್ವಾಮಿ, ನಾನು ಟೈಲರ್,” ಅಂದರು.

“ಸ್ವಂತ ಅನುಭವ ಅಂತ ನೀವೇ ಗುರುತು ಹಾಕಿದ್ದೀರಲ್ಲ.”

“ಹೊಲಿಗೆ ಅನುಭವ ಸ್ವಾಮಿ.”

“ಹೊಲಿಗೆ ಬಗ್ಗೆ ಚಿತ್ರ ಬಂದಾಗ ಖಂಡಿತ ಬನ್ನಿ, ನಾನೇ ಬರ್ಕೋತೀನಿ.”

“ಹಾಗಾದ್ರೆ ಇದರಿಂದ ಹೆಸರು ತೆಗೀರಿ.”

ಅಭಿಪ್ರಾಯ ಹಿಂಪಡೆಯಲು ಅವಕಾಶವಿಲ್ಲ. ಕೊಲೆಗಾರನ ಹೆಸರನ್ನು ತೆಗೆಯಬೇಕಾದರೆ ಆತನನ್ನು ಬಂಧಿಸಿರಬೇಕು ಎಂದು ತಿಳಿಸಿದೆ. ಪಾಪದ ಮನುಷ್ಯ, ಅಲ್ಲಿಂದ ನೇರ ಪೊಲೀಸ್ ಠಾಣೆಗೇ ಹೋದರು. ಅಲ್ಲಿಯವರು ಪಟ್ಟಿ ತಿರುವಿ ನೋಡಿ, “ನಿಮ್ಮ ನೋಂದಣಿ ಸರಿಯಾಗೇ ಇದೆಯಲ್ರೀ, ನಿಮ್ಮನ್ನ ಯಾಕೆ ಹಿಡೀಬೇಕು? ನೋಂದಣಿ ಇಲ್ಲದೋರ್ನ ಹಿಡಿಯೋಕೇ ನಮಗೆ ಪುರುಸೊತ್ತಿಲ್ಲ,” ಎಂದು ಕಳಿಸಿಕೊಟ್ಟರಂತೆ.

ಮರುದಿನ ಅವರ ಹೆಂಡತಿಯೂ ಜೊತೆಗೆ ಬಂದರು. ಮಾತಿನಲ್ಲಿ ಖಾರವಿದ್ದ ಹೆಂಗಸು. ನನ್ನನ್ನು ಮಾತಾಡಿಸದೆ ನೆಟ್ಟಗೆ ನಮ್ಮ ಸಾಹೇಬರ ಮೇಜಿನ ಮುಂದೆ ನಿಂತರು.

“ನಮ್ಮ ಯಜಮಾನ್ರು ಜಿರಳೆ ಕಂಡ್ರೆ ಮಂಚ ಹತ್ತೋ ಪೈಕಿ. ಅವರು ಯಾರನ್ನ ಕೊಲ್ತಾರೆ?”

“ಅದು ನುರಿತವರ ಲಕ್ಷಣ ತಾಯಿ. ತೋರಿಸಿಕೊಳ್ಳೋದಿಲ್ಲ,” ಎಂದರು ಸಾಹೇಬರು.

ಸಾಹೇಬರು ಕೆಟ್ಟವರಲ್ಲ. ನಿಯಮಾವಳಿಯನ್ನು ತಿರುವಿ ಹಾಕಿ, ಊಟದ ವೇಳೆಯನ್ನೂ ಬಿಟ್ಟು ಒಂದು ದಾರಿ ಹುಡುಕಿದರು. ಯಾವುದೇ ನೋಂದಾಯಿತ ಅನುಭವಸ್ಥನಿಗೂ ಅಂಗಡಿ ಕೊಡಬಹುದು. ಪರವಾನಗಿಯಲ್ಲಿ ‘ದರ್ಜಿ’ ಎಂಬಲ್ಲಿ ‘ಕೊಲೆಗಾರ’ ಎಂದು ತಿದ್ದಿದರೆ ಮುಗಿಯಿತು. ಒಳಗೆ ಕೂತು ಹೊಲಿಯುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಒಂದೇ ಷರತ್ತು. ಅನುಭವ ಚಾಲ್ತಿಯಲ್ಲಿದೆ ಎಂದು ವರ್ಷಾಂತ್ಯಕ್ಕೆ ವರದಿ ಸಲ್ಲಿಸಬೇಕು. ಕನಿಷ್ಠ ಒಂದು. ಶೂನ್ಯ ವರದಿ ಬಂದರೆ ನೋಂದಣಿಯೂ ರದ್ದು, ಅಂಗಡಿಯೂ ರದ್ದು.

“ಒಂದು ಏನು?” ಎಂದು ದರ್ಜಿಯವರು ಕೇಳಿದರು.

“ಒಂದೇ ಒಂದು. ಅದಕ್ಕಿಂತ ಕಡಿಮೆ ಮಾಡೋ ಅಧಿಕಾರ ನನಗಿಲ್ಲ,” ಎಂದರು ಸಾಹೇಬರು, ನಿಜವಾದ ವಿಷಾದದಿಂದ.

ಗಿರಣಿಯ ಹೆಂಗಸಿಗೆ ಈ ಫಜೀತಿ ಇರಲಿಲ್ಲ. ‘ಬಿಳಿ ಪುಡಿ, ತಿಂಗಳಿಗೆ ನಲವತ್ತು ಚೀಲ, ಗಿರಾಕಿಗಳು ದಿನಾ ಬರುತ್ತಾರೆ, ಬಿಟ್ಟಿರಲಾರರು’ ಎಂದು ಆಕೆ ನಿಂತ ನಿಲುವಿನಲ್ಲೇ ಬರೆದುಕೊಟ್ಟರು. ಯಾವ ಪುಡಿ ಎಂದು ನಮೂನೆ ಕೇಳುವುದಿಲ್ಲ. ಕಚೇರಿಯಿಂದ ಪ್ರಶಂಸಾಪತ್ರ ಹೋಯಿತು. ಆಕೆ ಅದಕ್ಕೆ ಕಟ್ಟು ಹಾಕಿಸಿ ಗಿರಣಿಯ ಗೋಡೆಗೆ ತೂಗುಹಾಕಿದರು.

ದರ್ಜಿಯವರು ಮಾತ್ರ ವರದಿಯನ್ನು ‘ಇಲ್ಲ’ ಎಂದು ಬರೆದು ತಂದರು. ವಾಪಸು ಮಾಡಿದೆ. ‘ಪ್ರಯತ್ನದಲ್ಲಿದ್ದೇನೆ’ ಎಂದು ಬರೆದು ತಂದರು. ಪ್ರಯತ್ನಕ್ಕೆ ಅಂಕವಿಲ್ಲ. ಅಷ್ಟರಲ್ಲಿ ವರ್ಷ ಮುಗಿಯಲು ಒಂದು ತಿಂಗಳು ಉಳಿದಿತ್ತು, ಅವರು ಅರ್ಧ ಇಳಿದುಹೋಗಿದ್ದರು. ನೋಡಿ ನನಗೆ ಸಂಕಟವಾಯಿತು. ಸಂಕಟವನ್ನು ಬರೆದಿಡಲು ಖಾನೆ ಇಲ್ಲದ್ದರಿಂದ ನಮೂನೆಯನ್ನು ಮತ್ತೆ ವಾಪಸು ಮಾಡಿದೆ.

ಅವರ ಪಕ್ಕದಂಗಡಿಯವರು ಗಡಿಯಾರ ರಿಪೇರಿಯವರು. ಇಬ್ಬರ ನಡುವೆ ಒಂದು ಹಲಗೆಯ ಗೋಡೆ. ಮೂವತ್ತು ವರ್ಷ ಅದರ ಈಚೆಯಿಂದ ಆಚೆಗೆ ಹರಟೆ ಹೊಡೆದವರು. ರಿಪೇರಿಯವರ ಹೃದಯ ಕೆಟ್ಟಿತ್ತು, ಇನ್ನು ವಾರಗಳ ಮಾತು ಎಂದು ಡಾಕ್ಟರು ಕೈಚೆಲ್ಲಿದ್ದರು. ಅವರು ಹಾಸಿಗೆಯಿಂದಲೇ ದರ್ಜಿಯವರನ್ನು ಕರೆಸಿದರು. ದರ್ಜಿಯವರ ನೋಂದಣಿಯ ವಿಳಾಸ ತಾಳೆ ನೋಡಲು ಹೋಗಿ ಅವರ ಜೊತೆಗೇ ಬಂದಿದ್ದ ನಾನೂ ಅಲ್ಲಿದ್ದೆ.

“ಹೇಗೂ ಹೊರಟಿದ್ದೀನಿ ಮಾರಾಯ. ನಿನ್ನ ಹೆಸರಿಗೇ ಬರ್ಕೋ.”

“ನಿನ್ನನ್ನ ಕೊಂದೆ ಅಂತ ಯಾವ ಕೈಯಲ್ಲಿ ಬರೀಲೋ?”

“ಕತ್ತರಿ ಹಿಡಿಯೋ ಕೈಯಲ್ಲೇ ಬರಿ. ನಾನು ಸುಮ್ಮನೆ ಸತ್ರೆ ಯಾರಿಗೆ ಲಾಭ? ಅಂಗಡಿ ಉಳಿಯತ್ತೆ, ಹೊಲೀತಾ ಕೂತಿರು. ಹಲಗೆ ಆಚೆ ನಿನ್ನ ಮಷಿನ್ ಸದ್ದು ನಿಂತುಹೋಗತ್ತೆ ಅಂದ್ರೆ ನಂಗೆ ಸಾಯೋಕೂ ಮನಸ್ಸು ಬರಲ್ಲ.”

ದರ್ಜಿಯವರು ಮಂಚದ ಕಾಲು ಹಿಡಿದುಕೊಂಡು ಗಳಗಳ ಅತ್ತರು. ರಿಪೇರಿಯವರು ನನ್ನ ಕಡೆ ಕೈ ಚಾಚಿ ನಮೂನೆ ಪಡೆದುಕೊಂಡು, ಕನ್ನಡಕ ಹಾಕಿಕೊಂಡು ತಾವೇ ತುಂಬತೊಡಗಿದರು. ಕೊನೆಯಲ್ಲಿ ‘ಕೃತ್ಯದ ಬಗ್ಗೆ ಮೃತರ ಅಭಿಪ್ರಾಯ’ ಎಂಬ ಕಲಮಿದೆ. ಅದನ್ನು ಯಾರೂ ತುಂಬಿದ್ದೇ ಇಲ್ಲ. ಅವರು ತುಂಬಿದರು: ‘ದೂರೇನೂ ಇಲ್ಲ. ಒಳ್ಳೆಯ ಮನುಷ್ಯ. ಕೆಲಸ ಅಚ್ಚುಕಟ್ಟು.’ ಆಧಾರ ಎಂಬಲ್ಲಿ ‘ಸ್ವಂತ ಅನುಭವ’ಕ್ಕೆ ಗುರುತು ಹಾಕಿ ಸಹಿ ಮಾಡಿದರು. ದಿನಾಂಕದ ಜಾಗ ಖಾಲಿ ಬಿಟ್ಟರು.

ಹನ್ನೊಂದು ದಿನ ದರ್ಜಿಯವರು ಅಂಗಡಿ ತೆರೆಯದೆ ಅವರ ಪಕ್ಕದಲ್ಲೇ ಕೂತರು. ಗಂಜಿ ಕುಡಿಸಿದರು, ಬೆನ್ನು ಒರೆಸಿದರು, ಮಾತ್ರೆ ಒಂದು ಹೊತ್ತೂ ತಪ್ಪಿಸಲಿಲ್ಲ. ಇಷ್ಟು ಆರೈಕೆ ಮಾಡಿದರೆ ವರ್ಷಾಂತ್ಯದ ಗಡುವು ಮೀರೀತು ಎಂದು ಎಚ್ಚರಿಸುವುದು ನನ್ನ ಕರ್ತವ್ಯವಾಗಿತ್ತು, ಎಚ್ಚರಿಸಿದೆ. ಅವರು ಗಂಜಿಯ ಬಟ್ಟಲು ತೊಳೆಯಲು ಎದ್ದು ಹೋದರು. ಹನ್ನೆರಡನೆಯ ದಿನ ಬೆಳಿಗ್ಗೆ ನಮೂನೆ ಹಿಡಿದು ಬಂದು ಮೇಜಿನ ಮುಂದೆ ನಿಂತರು. ಖಾಲಿ ಜಾಗ ತೋರಿಸಿ ಪೆನ್ನನ್ನು ನನ್ನ ಕಡೆ ತಳ್ಳಿದರು. ದಿನಾಂಕ ನಾನೇ ಬರೆದೆ.

ಸಾಹೇಬರು ಆ ದಿನವೇ ಆದೇಶ ಹೊರಡಿಸಿದರು: ‘ಸದರಿ ಕೊಲೆಗಾರರ ನಡತೆ ತೃಪ್ತಿಕರವಾಗಿದ್ದು, ಮೃತರೂ ಮೆಚ್ಚುಗೆ ಸೂಚಿಸಿರುವುದರಿಂದ ಅಂಗಡಿಯನ್ನು ಇನ್ನೊಂದು ವರ್ಷದ ಮಟ್ಟಿಗೆ ಮುಂದುವರಿಸಲಾಗಿದೆ.’ ಅನುಭವಸ್ಥರೇ ನೋಡಿ ಅಭಿಪ್ರಾಯ ಕೊಟ್ಟ ಚಿತ್ರವೆಂದು ಆ ಥ್ರಿಲ್ಲರೂ ನೂರು ದಿನ ಓಡಿತು.

ಈಗ ಬೀದಿಯಲ್ಲಿ ಯಾವ ತಕರಾರೂ ಇಲ್ಲ. ವಯಸ್ಸಾದವರು, ಕಾಯಿಲೆಯವರು ತಾವಾಗಿಯೇ ಬಂದು ದರ್ಜಿಯವರ ಲೆಕ್ಕಕ್ಕೆ ಹೆಸರು ಬರೆಸುತ್ತಾರೆ. ಒಬ್ಬರ ಮೇಲೊಬ್ಬರು ಬೀಳಬಾರದೆಂದು ಕಚೇರಿಯೇ ಸರದಿ ಪುಸ್ತಕ ಇಟ್ಟಿದೆ. ಮೊನ್ನೆ ಗಡಿಯಾರ ರಿಪೇರಿಯವರ ಹೆಂಡತಿಯೂ ಕೋಲೂರಿಕೊಂಡು ಬಂದರು. ಗಂಡನ ಹೆಸರಿನ ಕೆಳಗೇ ತಮ್ಮದನ್ನೂ ಬರೆಯಬೇಕೆಂದರು. ಹಾಗೆ ಬರುವುದಿಲ್ಲ, ವರ್ಷಕ್ಕೊಂದೇ ಬೇಕಾಗಿರುವುದು, ನಿಮಗಿಂತ ಮುಂಚೆ ಎಂಟು ಜನ ಇದ್ದಾರೆ, ನಿಮ್ಮದು ಒಂಬತ್ತನೆಯ ವರ್ಷ ಎಂದು ವಿವರಿಸಿದೆ.

“ಅಲ್ಲೀತನಕ ಸಾಯೋ ಹಾಗಿಲ್ವಾ?” ಎಂದು ಕೇಳಿದರು.

“ಸರದಿ ತಪ್ಪಿಸೋ ಹಾಗಿಲ್ಲಮ್ಮ.”

ಒಂಬತ್ತು ಎಂದು ಬರೆದ ಸರದಿ ಚೀಟಿಯನ್ನು ಅವರ ಕೈಗೆ ಕೊಟ್ಟೆ. “ಟೈಲರಿಗೆ ತೊಂದರೆ ಆಗಬಾರದು,” ಎಂದು ಅವರು ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು, “ಆಯ್ತು ಬಿಡಿ, ಕಾಯ್ತೀನಿ,” ಎಂದು ಮನೆಗೆ ಹೋದರು.